ಗೌರಕ್ಕನಿಗೆ ಜ್ವರ ಬಂದಿರಲಿಲ್ಲ

ಸವಿತಾ, ನಿನ್ನ ಸೋದರತ್ತೆ ಗೌರಕ್ಕನಿಗೆ ಯಾವ ಜ್ವರವೂ ಬಂದಿರಲಿಲ್ಲ. ಜ್ವರ ತಲೆಗೇರಿ ಅವಳು ಹಾಗಾದಳು ಎಂಬುದು ನಾನು ಕಟ್ಟಿದ ಸುಳ್ಳು. ನಿನ್ನವ್ವನ ತವರಿನವರಿಗೆ ಹೇಳಿದೆ, ನಿನ್ನವ್ವನಿಗೆ ಹೇಳಿದೆ, ನಿನಗೂ ಅದನ್ನೇ ಹೇಳಿ ಬೆಳೆಸಿದೆ. ಗೌರಿ ಹುಟ್ಟಿದ್ದೇ ಹಾಗೆ. ನಿನ್ನ ಮಗಳು, ನಮ್ಮ ಧನ್ಯ ಹೇಗಿದ್ದಾಳೋ, ಹಾಗೆ.

ಬರೆದೆ. ಇಷ್ಟು ಬರೆಯಲು ಮೂರು ದಿನ ಬೇಕಾಯಿತು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಪೇಪರು ಓದುತ್ತೇನೆ, ಬೀದಿಯ ನೇಕಾರರ ಪರವಾಗಿ ಎಷ್ಟೋ ಅರ್ಜಿ ಬರೆದುಕೊಟ್ಟಿದ್ದೇನೆ — ನನ್ನ ಮೇಲೆ ನಾನೇ ಬರೆದದ್ದು ಇದೇ ಮೊದಲು. ಬಾಯಲ್ಲೇ ಹೇಳಬೇಕಿತ್ತು. ಹೋದ ಭಾನುವಾರ ನಿಮ್ಮ ಮನೆಯಲ್ಲಿ ಬಾಯಿ ತೆಗೆದೆ ಕೂಡ. "ಏನಪ್ಪಾ?" ಅಂದೆ ನೀನು. "ಒಂದು ಲೋಟ ನೀರು ಕೊಡಮ್ಮ" ಅಂದೆ ನಾನು. ಕುಡಿದು ಎದ್ದು ಬಸ್ಸಿಗೆ ಬಂದೆ.

ಕಳೆದ ತಿಂಗಳು ಚಳ್ಳಕೆರೆಯಲ್ಲಿ ಇಂಥ ಮಕ್ಕಳನ್ನು ನೋಡುವ ಆ ಕೇಂದ್ರದಲ್ಲಿ ನಡೆದದ್ದು ನಿನಗೆ ನೆನಪಿದೆ. ನನ್ನ ಕಡೆಯಿಂದ ಅದು ಹೇಗಿತ್ತು ಎಂಬುದು ನಿನಗೆ ಗೊತ್ತಿಲ್ಲ. ಡಾಕ್ಟರಮ್ಮ ಧನ್ಯಳನ್ನು ನೋಡಿ ಮುಗಿಸಿ, ಪೆನ್ನು ಹಿಡಿದು ಕೇಳಿದರು: "ಎರಡೂ ಕಡೆ ಹತ್ತಿರದ ಸಂಬಂಧದಲ್ಲಿ ಯಾರಾದರೂ ಮಾತು ತಡ ಆದವರು, ಹಗಲೆಲ್ಲ ಒಂದೇ ಕೆಲಸ ಮಾಡ್ತಾ ಕೂರೋರು ಇದ್ರಾ?"

ನಿಮ್ಮತ್ತೆ ಮೊದಲು ಹೇಳಿದರು. "ನಮ್ಮ ವಂಶದಾಗೆ ಇಂಥದ್ದು ಒಂದೂ ಇಲ್ಲಮ್ಮ. ನಮ್ಮೋರು ಎಲ್ಲಾ ಬಾಯಿ ಮುಚ್ಚಿಸಾಕೇ ಆಗದಂಗೆ ಮಾತಾಡೋರು."

ನೀನು ಹೇಳಿದೆ, "ನಮ್ಮ ಕಡೆನೂ ಯಾರೂ ಇಲ್ಲ ಮೇಡಂ. ನಮ್ಮಪ್ಪನ ತಂಗಿ ಒಬ್ರಿದ್ರು, ಅವರಿಗೆ ಸಣ್ಣೋರಿದ್ದಾಗ ಜ್ವರ ಬಂದು ಹಂಗಾಗಿದ್ದು. ಅಲ್ವೇನಪ್ಪಾ?"

"ಹೂಂ," ಅಂದೆ.

ಡಾಕ್ಟರಮ್ಮನ ಪೆನ್ನು ಒಂದು ಗಳಿಗೆ ನಿಂತಿತು. ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ಬಣ್ಣದ ಚಿತ್ರ ನೋಡಿದೆ. ಅವರು ಏನೋ ಗೀಚಿ ಪುಟ ತಿರುಗಿಸಿದರು. ಇದು ಯಾರ ತಪ್ಪಿನಿಂದಲೂ ಆಗುವುದಲ್ಲ, ಮೆದುಳು ಬೆಳೆಯುವ ರೀತಿಯೇ ಬೇರೆ ಇರುತ್ತದೆ ಎಂದು ಅವರು ಆಮೇಲೆ ಎರಡು ಸಲ ಹೇಳಿದರು. ಆದರೆ ಹೊರಗೆ ಬಂದು ಗೇಟಿನ ಹತ್ತಿರ ಆಟೋಗಾಗಿ ನಿಂತಾಗ ನಿಮ್ಮತ್ತೆ ಅಂದದ್ದು ಬೇರೆ: "ಎರಡು ಕಡೆನೂ ಇಲ್ಲಾಂದ್ರೆ ಮತ್ತೆಲ್ಲಿಂದ ಬಂತು? ಬಸುರಿದ್ದಾಗ ಆ ಮೊಬೈಲು ಹೊಟ್ಟೆ ಮ್ಯಾಲೆ ಇಟ್ಕಂಡೇ ಮಲಗ್ತಿದ್ದೆ. ನಾ ಎಷ್ಟು ಬಡ್ಕಂಡೆ!"

ಅವತ್ತಿನಿಂದ ನೀನು ಲೆಕ್ಕ ಹಾಕಲು ಶುರು ಮಾಡಿದ್ದು ನನಗೆ ಗೊತ್ತು ಮಗಳೇ. ಫೋನು ಮಾಡಿ ಕೇಳಿದೆ, "ಅಪ್ಪಾ, ಐದನೇ ತಿಂಗಳಾಗೆ ನಾನು ಊರಿಗೆ ಬಸ್ಸಲ್ಲಿ ಬಂದಿದ್ದೆನಲ್ಲ, ನಮ್ಮೂರ ಹತ್ರದ ಹಾನಗಲ್ಲಿನ ತನಕ ನಿಂತ್ಕಂಡೇ ಬಂದೆ, ಅವಾಗೇನಾರ ಆಗಿರಬಹುದಾ?" ಇನ್ನೊಂದು ದಿನ ಪರಂಗಿಹಣ್ಣು. ಇನ್ನೊಂದು ದಿನ ಗ್ರಹಣದ ಹೊತ್ತಿನಲ್ಲಿ ಈಳಿಗೆ ಹಿಡಿದದ್ದು. ಪ್ರತಿಸಲವೂ "ಏನಿಲ್ಲ ಬಿಡಮ್ಮ" ಅಂದೆ. ನನ್ನ ಬಾಯಲ್ಲಿ ಉತ್ತರವಿತ್ತು — ಇಟ್ಟುಕೊಂಡು "ಏನಿಲ್ಲ ಬಿಡಮ್ಮ" ಅಂದೆ.

ಈಗ ಗೌರಿಯ ಬಗ್ಗೆ ಹೇಳಬೇಕು. ಅವಳನ್ನು ಕಂಡವರು ಇನ್ನು ಬೀದಿಯಲ್ಲಿ ಬಹಳ ಜನ ಉಳಿದಿಲ್ಲ.

ನನಗಿಂತ ಏಳು ವರ್ಷಕ್ಕೆ ಚಿಕ್ಕವಳು. ಮೂರು ತುಂಬಿದರೂ "ಅವ್ವ" ಅಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗುತ್ತಿರಲಿಲ್ಲ, ಆದರೆ ಬೀದಿಯ ಕೊನೆ ಮನೆಯಲ್ಲಿ ಮಗ್ಗದ ಸದ್ದಿನ ಲಯ ತಪ್ಪಿದರೆ ತಲೆ ಎತ್ತುತ್ತಿದ್ದಳು. ಅನ್ನದ ತಟ್ಟೆಯನ್ನು ದಿನಾ ಒಂದೇ ಚಪ್ಪಡಿಯ ಮೇಲೆ ಇಡಬೇಕು. ನೂಲು ಸುತ್ತಿದ ಕಂಡಿಕೆಗಳನ್ನು ನೀಲಿ ಒಂದು ಸಾಲು, ಕೆಂಪು ಒಂದು ಸಾಲು ಜೋಡಿಸುತ್ತಿದ್ದಳು. ನಾನು ಒಂದನ್ನು ಲಾಳಿಗೆ ಎತ್ತಿಕೊಂಡರೆ ಅದರ ಜಾಗವನ್ನು ಖಾಲಿ ಬಿಟ್ಟು, ಅದು ವಾಪಸು ಬರುವ ತನಕ ಅಲ್ಲೇ ಕೂತಿರುತ್ತಿದ್ದಳು. ಮತ್ತೆ ಆ ಬೆರಳು — ಹೆಬ್ಬೆರಳು, ತೋರುಬೆರಳು — ಹಗಲೆಲ್ಲ ಗಾಳಿಯನ್ನು ಹೊಸೆಯುವುದು. ನಮ್ಮಪ್ಪ ಹೊಡೆದು ನೋಡಿದ. ಬೇವಿನ ರಸ ಹಚ್ಚಿ ನೋಡಿದ. ಬೆರಳು ನಿಲ್ಲಲಿಲ್ಲ, ಅಪ್ಪನೇ ನಿಂತುಹೋದ. ಎದೆನೋವಿಗೆ, ನನಗೆ ಹದಿನೇಳಾಗಿದ್ದಾಗ.

ಆ ಬೆರಳುಗಳ ನಡುವೆ ಎಳೆ ಇಟ್ಟವಳು ಅವ್ವ.

ನೀನು ಮಗ್ಗದ ಮನೆಯಲ್ಲೇ ಬೆಳೆದವಳು, ಆದರೂ ನಿನ್ನ ಕಾಲಕ್ಕೆ ಮನೆಯಲ್ಲಿ ಕೆಚ್ಚುವುದನ್ನು ನಿಲ್ಲಿಸಿದ್ದೆ, ಅದಕ್ಕೇ ಬರೆಯುತ್ತೇನೆ. ಮಗ್ಗದ ಮೇಲೆ ಒಂದು ಹಾಸು, ಅಂದರೆ ಸೀರೆಯ ಉದ್ದದ ಎಳೆಗಳು, ಮುಗಿದಾಗ, ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಸೇರಿಸಬೇಕು. ಗಂಟು ಹಾಕಿದರೆ ಬಾಚಣಿಗೆಯಂಥ ಅಚ್ಚಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡು ತುದಿಗಳನ್ನು ಹೊಸೆದು ಒಂದು ಮಾಡಬೇಕು. ಸಾವಿರಾರು ಎಳೆ. ಒಂದು ಎಳೆ ತಪ್ಪಿ ಪಕ್ಕದ್ದಕ್ಕೆ ಸೇರಿದರೆ ಸೀರೆಯುದ್ದಕ್ಕೂ ಅದು ಕಾಣುತ್ತದೆ. ಇದೇ ಕೆಚ್ಚುವುದು. ಎಂಥ ಗಟ್ಟಿ ನೇಕಾರನಿಗೂ ಮಧ್ಯಾಹ್ನದ ಹೊತ್ತಿಗೆ ಕಣ್ಣು ಮಂಜಾಗುತ್ತದೆ, ಬೆರಳು ಸೋಮಾರಿಯಾಗುತ್ತದೆ.

ಗೌರಿಗೆ ಆಗುತ್ತಿರಲಿಲ್ಲ. ಅವಳು ಬೆಳಿಗ್ಗೆ ಕೂತರೆ ಎದೆಯೊಳಗೇ ಒಂದು ಗುಂಯ್ ಸದ್ದು ಮಾಡಿಕೊಂಡು, ಎಡದಿಂದ ಬಲಕ್ಕೆ, ಒಂದೂ ಬಿಡದೆ ಹೋಗುತ್ತಿದ್ದಳು. ಊಟಕ್ಕೆ ಕರೆದರೆ ಒಂದೇ ಮಾತು — "ಇನ್ನೈತೆ." ನೀರು ಕುಡಿಯೇ ಅಂದರೂ "ಇನ್ನೈತೆ." ಕೊನೆಯ ಎಳೆ ಆದಮೇಲೆ ಎರಡು ಅಂಗೈಯನ್ನೂ ಹಾಸಿನ ಮೇಲೆ ಹರಡಿ ಸುಮ್ಮನೆ ಇಡುತ್ತಿದ್ದಳು. ಆ ಹೊತ್ತಿನಲ್ಲಿ ಮಾತ್ರ ಅವಳ ಮುಖ — ಹೇಗೆ ಬರೆಯಲಿ. ನಾನು ಎಷ್ಟು ಸೀರೆ ನೇಯ್ದು ಮುಗಿಸಿದ್ದೇನೆ, ನನ್ನ ಮುಖ ಒಂದು ಸಲವೂ ಹಾಗಾಗಿರಲಾರದು.

ಬೇರೆ ಮನೆಯವರೂ ತಮ್ಮ ಹಾಸುಗಳನ್ನು ಅಚ್ಚಿನ ಸಮೇತ ತಂದು ನಮ್ಮಲ್ಲಿ ಕೆಚ್ಚಿಸಲು ಕೇಳತೊಡಗಿದರು. ಬೇರೆಯವರ ಧ್ವನಿ ಕೇಳಿದರೆ ಗೌರಿ ಗಾಬರಿಯಾಗುತ್ತಾಳೆ ಎಂದು ಬಾಗಿಲು ಹಾಕಿಕೊಂಡು ಮಾಡಿಸುತ್ತಿದ್ದೆವು. ಅದು ನಿಜ. ಆದರೆ ಹಾಕಿದ ಬಾಗಿಲ ಹಿಂದೆ ಕೆಚ್ಚುವವನು ನಾನು ಎಂದು ಊರು ತಿಳಿಯಿತು. "ತಿಪ್ಪೇಸ್ವಾಮಿ ಕೆಚ್ಚಿದ್ರೆ ಎಲ್ಲಿ ಕೂಡಿಸ್ಯಾನೆ ಅಂತ ಹುಡುಕಬೇಕು ಕಣ್ರಿ," ಅನ್ನುತ್ತಿದ್ದರು. ನಾನು ಮೀಸೆ ಸವರಿಕೊಂಡು ಸುಮ್ಮನಿರುತ್ತಿದ್ದೆ. ಸುಳ್ಳು ಹೇಳಿರಲಿಲ್ಲ, ಆಗಿನ್ನೂ. ಸುಮ್ಮನಿದ್ದೆ ಅಷ್ಟೇ. ದುಡಿಮೆಯಲ್ಲಿ ನಾನು ಯಾರಿಗೂ ಕಡಿಮೆಯಿರಲಿಲ್ಲ, ನೇಯುವುದರಲ್ಲಿ ನನ್ನ ಕೈ ಚೆನ್ನಾಗಿಯೇ ಇತ್ತು, ಆದರೂ ನನ್ನದಲ್ಲದ ಆ ಒಂದು ಹೆಸರೇ ನನಗೆ ಬೇಕಾಗಿತ್ತು.

ಆ ಹೆಸರು ಹಿಡಿದೇ ರಾಯದುರ್ಗದ ಕಡೆಯಿಂದ ನಿನ್ನವ್ವನ ಅಪ್ಪ, ನಿನ್ನ ತಾತ ಬಂದದ್ದು, ನನ್ನ ಮನೆ ನೋಡಲು. ನನಗೆ ಇಪ್ಪತ್ತಾರು, ಗೌರಿಗೆ ಹತ್ತೊಂಬತ್ತು.

ಮಧ್ಯಾಹ್ನ ಬರುತ್ತೇವೆ ಎಂದಿದ್ದವರು ಬೆಳಿಗ್ಗೆ ಹತ್ತರ ಬಸ್ಸಿಗೇ ಬಂದಿಳಿದರು. ಅವ್ವ ಹಾಲು ತರಲು ಹೋಗಿದ್ದಳು. ಗೌರಿಯನ್ನು ಪಕ್ಕದ ಮನೆಗೆ ಕಳಿಸಬೇಕೆಂದು ನಾವು ಮಾತಾಡಿಕೊಂಡಿದ್ದೆವು, ಹಾಸು ಮುಗಿಸಿದ ಮೇಲೆ. ಕಡು ನೇರಳೆ ಬಣ್ಣದ ಹಾಸು. ಅರ್ಧ ಆಗಿತ್ತು. ಬೀದಿಯಲ್ಲಿ ಧ್ವನಿ ಕೇಳಿದ ಕೂಡಲೇ ನಾನು, "ಗೌರಿ, ಏಳೇ, ಹಿತ್ತಲಿಗೆ ನಡಿ," ಅಂದೆ.

"ಇನ್ನೈತೆ."

ಅಷ್ಟರಲ್ಲಿ ಅವರು ಒಳಗೇ ಬಂದರು. ನಿನ್ನ ತಾತ, ಅವರ ಜೊತೆ ನಿನ್ನವ್ವನ ಸೋದರಮಾವ — ಮಾತಿಗೆ ಮುಂಚೆ ನಗುವ ಮನುಷ್ಯ, ಅವರೂ ನೇಕಾರರೇ. ನಮ್ಮದು ಒಂದೇ ಅಂಕಣದ ಮನೆ. ಚಾಪೆ ಹಾಸಿದ ಜಾಗಕ್ಕೂ ಮಗ್ಗಕ್ಕೂ ನಾಲ್ಕು ಹೆಜ್ಜೆ.

"ಈ ಅಮ್ಮಾಯಿ ಯಾರಪ್ಪಾ?" ನಿನ್ನ ತಾತ ಕೇಳಿದರು.

"ನನ್ನ ತಂಗಿ ರಿ."

ಗೌರಿ ತಲೆ ಎತ್ತಲಿಲ್ಲ. ಗುಂಯ್ ಸದ್ದು ಜೋರಾಯಿತು. ಅವರು ನೋಡುತ್ತಲೇ ಇದ್ದರು. "ಏನಾಗೈತೆ? ಹುಟ್ಟಿದಾಗ್ಲಿಂದ ಹಿಂಗೇನಾ?"

ನನ್ನ ಬಾಯಿಂದ ಬಂತು. ಯೋಚನೆ ಮಾಡಿರಲಿಲ್ಲ, ಎಲ್ಲಿತ್ತೋ, ತಯಾರಾಗಿ ಕೂತಿತ್ತು. "ಇಲ್ಲ ಇಲ್ಲ ರಿ. ಐದು ವರ್ಷದಾಕಿ ಇದ್ದಾಗ ಜ್ವರ ಬಂದು ತಲೆಗೇರ್ತು. ಅದ್ಕೂ ಮುಂಚೆ ಚೆನ್ನಾಗೇ ಇದ್ಲು."

"ಅಯ್ಯೋ ಪಾಪ," ಅಂದರು ತಾತ.

ಸೋದರಮಾವ ಬಗ್ಗಿ ನೋಡಿದರು. "ಮತ್ತೆ ಕೆಚ್ಚಾಕೆ ಕುಂತಾಳಲ್ಲಪ್ಪಾ ಅಳಿಯಾ? ಮೊಳಕಾಲ್ಮೂರಾಗೆ ನಿನ್ನ ಕೆಚ್ಚಿಗೆ ಹೆಸರೈತೆ ಅಂತ ಕೇಳ್ಕಂಡು ಬಂದೀವಿ. ಕೆಚ್ಚೋದು ನೀನಾ, ಈಕೇನಾ?" ಅಂತ ನಕ್ಕರು.

ತಮಾಷೆಗೇ ಕೇಳಿದ್ದು. ನಾನೂ ನಕ್ಕು, "ನನ್ನ ತಂಗಿನೇ ರಿ, ನನಗಿಂತ ಚಂದ ಮಾಡ್ತಾಳೆ" ಅಂದಿದ್ದರೆ — ಅಂದಿದ್ದರೆ ಏನಾಗುತ್ತಿತ್ತು? ಮದುವೆ ಮುರಿಯುತ್ತಿತ್ತೇ? ಮುರಿಯುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ. ಮುರಿದಿದ್ದರೂ — ಆದರೆ ನೀನು ಇರುತ್ತಿರಲಿಲ್ಲ. ಈ ಜಾಗಕ್ಕೆ ಬಂದಾಗಲೆಲ್ಲ ನನ್ನ ಯೋಚನೆ ಹೀಗೇ ನಿಂತುಬಿಡುತ್ತದೆ.

"ಏ, ಎಲ್ಲೀದು ರಿ," ಅಂದೆ. "ಅದು ಹಾಳು ಹಾಸು. ಆಡ್ಕಳ್ಳಲಿ ಅಂತ ಹಾಕ್ಕೊಟ್ಟೀನಿ. ಸುಮ್ಕೆ ಬೆರಳಾಡಿಸ್ತಾಳೆ."

"ಹಾಳು ಹಾಸು ಭಾಳ ಹೊಳೀತೈತಪ್ಪೋ!"

ಅದಕ್ಕೆ ನಾನು ಕತ್ತರಿ ತೆಗೆದುಕೊಂಡೆ. ಮಗ್ಗದ ಪಕ್ಕ ಗೂಟಕ್ಕೆ ತೂಗುಹಾಕಿದ್ದ ಸಣ್ಣ ಕತ್ತರಿ. ಕೆಚ್ಚಲು ಕೂತವರನ್ನು ಅರ್ಧಕ್ಕೆ ಎಬ್ಬಿಸುವುದು ನಮ್ಮ ಮನೆಗಳಲ್ಲಿ ಇಲ್ಲ. ಯಾರಾದರೂ ಸತ್ತ ಸುದ್ದಿ ಬಂದರೂ ಕೈಲಿರುವ ಎಳೆ ಹೊಸೆದು ಮುಗಿಸಿ, ಹಾಸಿನ ಮೇಲೆ ಬಟ್ಟೆ ಹೊದಿಸಿ ಏಳುತ್ತೇವೆ. ಅಂಥ ಮನೆಯವನು ನಾನು, ಅವಳು ಮಾಡಿದ್ದು ಬರೀ ಆಟ ಎಂದು ಇಬ್ಬರು ನೇಕಾರರಿಗೆ ತೋರಿಸಲು, ಅವಳು ಬೆಳಗಿನಿಂದ ಕೂಡಿಸಿದ ಎಳೆಗಳ ಮೇಲೆ ಕತ್ತರಿ ಆಡಿಸಿದೆ. ಎಡದಿಂದ ಬಲಕ್ಕೆ. ಅವಳು ಹೋದ ದಾರಿಯಲ್ಲೇ.

ಬಿಗಿಯಾಗಿದ್ದ ರೇಷ್ಮೆ ಸಡಿಲಗೊಂಡು ಅವಳ ಮಡಿಲಿಗೆ ಬಿತ್ತು. ಗುಂಯ್ ಸದ್ದು ನಿಂತಿತು.

ಅವಳು ಕೂಗಲಿಲ್ಲ. ಕೂಗುತ್ತಾಳೆ ಎಂದು ನಾನು ಭುಜ ಗಟ್ಟಿ ಮಾಡಿಕೊಂಡಿದ್ದೆ. ಎರಡು ತುದಿ ಹೆಕ್ಕಿಕೊಂಡು ಹೊಸೆದಳು. ಕೂಡಿತು. ಆದರೆ ಅವು ಒಂದಕ್ಕೊಂದು ಸೇರಿದ ಎಳೆಗಳಲ್ಲ, ಅದು ಅವಳಿಗೆ ಗೊತ್ತಾಯಿತು. ಬಿಚ್ಚಿದಳು. ಇನ್ನೊಂದು ತುದಿ ಹುಡುಕಿದಳು. "ಇನ್ನೈತೆ," ಅಂದಳು. ನನ್ನ ಕಡೆ ನೋಡಿ ಅಂದಳು — ಅವಳು ಯಾರ ಮುಖವನ್ನೂ ನೋಡುವವಳಲ್ಲ, ಹತ್ತೊಂಬತ್ತು ವರ್ಷದಲ್ಲಿ ನನ್ನ ಕಣ್ಣು ನೋಡಿ ಹೇಳಿದ್ದು ಅದೊಂದೇ ಸಲ. ಆಮೇಲೆ ಮಗ್ಗದ ಕಂಬಕ್ಕೆ ಹಣೆ ಚಚ್ಚಿಕೊಳ್ಳತೊಡಗಿದಳು. ನಾನು ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಹಿತ್ತಲಿನ ಕೋಣೆಗೆ ಹಾಕಿ ಚಿಲಕ ಇಟ್ಟೆ.

ವಾಪಸು ಬಂದಾಗ ನಿನ್ನ ತಾತ ಒಂದು ಕತ್ತರಿಸಿದ ಎಳೆಯನ್ನು ಬೆಳಕಿಗೆ ಹಿಡಿದು, ಕೂಡಿಸಿದ ಜಾಗವನ್ನು ಉಗುರಲ್ಲಿ ಹುಡುಕುತ್ತಿದ್ದರು. ನನ್ನನ್ನು ನೋಡಿ ಎಳೆಯನ್ನು ಮೆಲ್ಲಗೆ ಕೆಳಗಿಟ್ಟರು. ಅವರಿಗೆ ಗೊತ್ತಾಗಿತ್ತು. ಕೇಳಲಿಲ್ಲ. ನಾನು ಹೇಳಲಿಲ್ಲ. ಅವ್ವ ಹಾಲು ತಂದಳು, ಉಪ್ಪಿಟ್ಟು ಮಾಡಿದಳು. ನಾನು ಎರಡು ಸಲ ಹಾಕಿಸಿಕೊಂಡು ತಿಂದೆ ಸವಿತಾ. ಹಸಿವಾಗಿತ್ತು. ಇದನ್ನು ಬರೆಯದೇ ಬಿಡಬಹುದಿತ್ತು, ಆದರೆ ಬಿಟ್ಟರೆ ಅದೂ ಒಂದು ಸುಳ್ಳಾದೀತು.

ಅವರು ಹೋದ ಮೇಲೆ ಅವ್ವ ಹಾಸನ್ನು ನೋಡಿದಳು. ಕತ್ತರಿಸಿದ ಎಳೆಗಳನ್ನು ಬಳಿದು ಎತ್ತಿಕೊಂಡು, "ಜ್ವರ ಅಂದ್ಯಂತೆ," ಅಂದಳು. "ಯಾವ ಜ್ವರನೋ ಅದು? ಹೆತ್ತೋಳಿಗೇ ಗೊತ್ತಿಲ್ಲದ ಜ್ವರ?" ನಾನು ಕತ್ತರಿಯನ್ನು ಮತ್ತೆ ಗೂಟಕ್ಕೆ ತೂಗುಹಾಕಿದೆ. "ಅವಳಿಗೆ ಇದ್ದದ್ದು ಅದೊಂದೇ ಕೆಲಸ ಕಣೋ. ಅದನ್ನ ಆಟ ಅಂದ್ಬಿಟ್ಟೆ." ಆದರೂ ಅವ್ವ ನನ್ನ ಮದುವೆ ನಿಲ್ಲಬಾರದೆಂದು ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಸಾಯುವ ತನಕ ಆ ಸುಳ್ಳನ್ನು ನನಗಾಗಿ ಹೊತ್ತಳು, ಆದರೆ ಒಂದು ಸಲವೂ ಅವಳ ಬಾಯಿಂದ "ಜ್ವರ" ಎಂಬ ಮಾತು ಬರಲಿಲ್ಲ. "ಅವನನ್ನೇ ಕೇಳ್ರಿ" ಅನ್ನುತ್ತಿದ್ದಳು.

ಗೌರಿ ಮತ್ತೆ ಎಳೆ ಮುಟ್ಟಲಿಲ್ಲ. ಬೇರೆಯವರ ಹಾಸುಗಳು ಬಂದು ಕೂತಿದ್ದವು. ನಾನು ಕೆಚ್ಚಿ ಕೊಟ್ಟೆ. ಒಬ್ಬೊಬ್ಬರಾಗಿ ವಾಪಸು ತಂದರು. "ಯಾಕೋ ತಿಪ್ಪೇಸ್ವಾಮಿ, ಕೈ ಏನಾತೋ?" "ಕಣ್ಣು ಸರಿಯಿಲ್ಲ ಕಣಣ್ಣಾ," ಅಂದೆ. ಆಮೇಲೆ ಗೌರಿಯನ್ನು ಮಗ್ಗದ ಮುಂದೆ ಕೂರಿಸಿ, ಅವಳ ಬೆರಳು ಹಿಡಿದು ಬೂದಿಗೆ ಒತ್ತಿ, "ಮಾಡೇ," ಅಂದೆ. ಮಾಡಲಿಲ್ಲ. ಹೊಡೆದೆ. ಒಂದು ದಿನವಲ್ಲ. ಅಪ್ಪ ಬೆರಳು ನಿಲ್ಲಿಸಲು ಹೊಡೆದ, ನಾನು ಆಡಿಸಲು ಹೊಡೆದೆ.

ಮದುವೆಗೆ ಹದಿನೈದು ದಿನ ಮುಂಚೆ ಅವಳನ್ನು ದೇವಸಮುದ್ರಕ್ಕೆ ಚಿಕ್ಕವ್ವನ ಮನೆಗೆ ಬಿಟ್ಟು ಬಂದೆ. ಕುರಿ ಸಾಕುವ ಮನೆ. ಆರು ವರ್ಷ ಅಲ್ಲಿದ್ದಳು. ಮೊಳಕಾಲ್ಮೂರಿನಿಂದ ಬಸ್ಸಿದೆ, ದೂರವೇನಲ್ಲ. ನಾನು ಹೋದದ್ದು ಮೂರು ಸಲ. ಮೊದಲ ಸಲ ಹೋದಾಗ ಹಟ್ಟಿಯ ಮುಂದೆ ಕೂತು ಕಂಬಳಿಯ ಅಂಚು ಬಿಚ್ಚಿ ಬಿಚ್ಚಿ ಹೊಸೆಯುತ್ತಿದ್ದಳು. "ಇದೊಂದು ಕೊಟ್ಬಿಟ್ರೆ ಯಾರ ತಂಟೆಗೂ ಹೋಗಲ್ಲ ಕಣೋ, ಬಂಗಾರದಂಥಾಕಿ," ಅಂದಳು ಚಿಕ್ಕವ್ವ. "ಗೌರೀ, ನೋಡೇ, ನಿಮ್ಮಣ್ಣ ಬಂದಾನೆ."

ಗೌರಿ ನನ್ನ ಮುಖ ನೋಡಲಿಲ್ಲ. ನನ್ನ ಬಲಗೈ ನೋಡಿದಳು. ನೋಡಿ, ಕಂಬಳಿಯನ್ನು ಎಳೆದುಕೊಂಡು ಬೆನ್ನ ಹಿಂದೆ ಇಟ್ಟುಕೊಂಡಳು.

ಅವಳು ಕಾಮಾಲೆಯಿಂದ ತೀರಿಕೊಂಡಾಗ ನಿನಗೆ ನಾಲ್ಕು ವರ್ಷ. "ಆ ಹಳೇ ಜ್ವರನೇ ಮತ್ತೆ ಮರುಕಳಿಸ್ತು" ಎಂದು ನಿನ್ನವ್ವನಿಗೆ ಹೇಳಿದೆ. ನಿನ್ನವ್ವನಿಗೆ ಬೀದಿಯವರು ಯಾರಾದರೂ ನಿಜ ಹೇಳಿರಬಹುದು. ಅವಳು ಕೇಳಲಿಲ್ಲ. ನೀನು ಹುಟ್ಟಿದಾಗಿನಿಂದ ಒಂದು ವರ್ಷ ತುಂಬುವ ತನಕ ಅವಳು ನಿನ್ನ ಬೆರಳುಗಳನ್ನೇ ನೋಡುತ್ತಿದ್ದುದು ನನಗೆ ನೆನಪಿದೆ — ಹಾಗಾದರೆ ಗೊತ್ತಿತ್ತೇನೋ. ಇನ್ನು ಕೇಳಲು ಅವಳೂ ಇಲ್ಲ.

ಧನ್ಯಳಿಗೆ ಒಂದೂವರೆ ವರ್ಷವಾಗಿದ್ದಾಗ ನಮ್ಮ ಮನೆ ಹೊಸಿಲ ಮೇಲೆ ನನ್ನ ತೊಡೆಯಲ್ಲಿ ಕೂತಿದ್ದಳು. ಹೆಬ್ಬೆರಳು, ತೋರುಬೆರಳು. ಆ ಪುಟ್ಟ ಕೈಯನ್ನು ನನ್ನ ಮುಷ್ಟಿಯೊಳಗೆ ಮುಚ್ಚಿಕೊಂಡೆ. ನೀನು ಅಡುಗೆಮನೆಯಿಂದ, "ಇನ್ನೂ ಅಮ್ಮ ಅಂತಿಲ್ಲ ಅಪ್ಪ, ಡಾಕ್ಟರಿಗೆ ತೋರಿಸ್ಲಾ?" ಅಂದೆ. "ನಮ್ಮ ಮನೇರಿಗೆ ಮಾತು ತಡನೇ ಕಣಮ್ಮ. ನಾನೂ ನಾಲ್ಕು ವರ್ಷಕ್ಕೆ ಮಾತಾಡಿದ್ದಂತೆ," ಅಂದೆ. ಅದೂ ಸುಳ್ಳು. ಮೂರೂವರೆ ವರ್ಷ ನೀನು ನನ್ನ ಮಾತು ನಂಬಿ ಕಾದೆ. ಐದಕ್ಕೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಬೈಯಲಿಲ್ಲ, "ಇನ್ನಷ್ಟು ಮುಂಚೆ ಬಂದಿದ್ದರೆ ಒಳ್ಳೇದಿತ್ತು" ಎಂದಷ್ಟೇ ಅಂದರು. ಅದು ನಿನಗೆ ಹೇಳಿದ ಮಾತಲ್ಲ ಮಗಳೇ, ನನಗೆ. ನೀನು ತಲೆ ತಗ್ಗಿಸಿದೆ.

ಅವತ್ತು ಅವರು ಮಾಡಿಸಿದ ಆಟವನ್ನು ನಾನು ಬಿಡದೇ ನೋಡಿದೆ. ಕೆಂಪು, ನೀಲಿ ಮರದ ತುಂಡುಗಳು. ಕೆಲವು ಗುಂಡು, ಕೆಲವು ಚೌಕ. ಬಣ್ಣ ನೋಡಿ ಬೇರೆ ಮಾಡು ಅಂದರು. ಧನ್ಯ ಎಷ್ಟು ಬೇಗ ಮಾಡಿದಳು! "ಈಗ ಆಟ ಬದಲು. ಗುಂಡಗಿರೋದು ಈ ಕಡೆ, ಚೌಕ ಆ ಕಡೆ." ಅವಳು ಮತ್ತೆ ಬಣ್ಣವನ್ನೇ ಜೋಡಿಸಿದಳು. ಮೂರು ಸಲ. ಅವರು ಒಂದು ತುಂಡು ಎತ್ತಿ ಆಚೆ ಇಟ್ಟಾಗ ಅತ್ತಳು. ನಿಮ್ಮತ್ತೆ, "ಹಟಮಾರಿ," ಅಂದರು. ಡಾಕ್ಟರಮ್ಮ ಅಂದರು: "ಹಟ ಅಲ್ಲಮ್ಮ. ಒಂದು ನಿಯಮ ಹಿಡಿದ ಮನಸ್ಸು ಇನ್ನೊಂದಕ್ಕೆ ಹೊರಳೋದು ಅವಳಿಗೆ ಕಷ್ಟ. ಮುಂಚೇನೇ ಹೇಳಿ, ತೋರಿಸಿ, ನಿಧಾನಕ್ಕೆ ಹೊರಳಿಸಬೇಕು. ನಡುವೆ ಕಿತ್ಕೊಂಡ್ರೆ ಹೆದರಿಬಿಡ್ತಾಳೆ." ಬೆರಳಿನ ಬಗ್ಗೆಯೂ ಹೇಳಿದರು, ಅದು ಅವಳಿಗೆ ಸಮಾಧಾನ ಕೊಡುತ್ತಿರಬಹುದು, ಬಲವಂತವಾಗಿ ನಿಲ್ಲಿಸಬೇಡಿ, ಆ ಬೆರಳಿನಿಂದಲೇ ಏನು ಕಲಿಸಬಹುದು ನೋಡೋಣ ಎಂದು. ಓದಿಬರೆದ ಹೆಣ್ಣುಮಗಳು ಕುರ್ಚಿಯಲ್ಲಿ ಕೂತು ಹೇಳಿದ್ದನ್ನು ನಮ್ಮವ್ವ ಅಕ್ಷರ ಗೊತ್ತಿಲ್ಲದೆ ಮಾಡಿ ತೋರಿಸಿದ್ದಳು. ಅದನ್ನು ಕತ್ತರಿಸಿದವನು ಅಲ್ಲೇ ಪಕ್ಕದಲ್ಲಿ ಕೂತಿದ್ದ.

ಇನ್ನು ಹೋದ ಭಾನುವಾರ. ನಿನ್ನ ನಾದಿನಿಯನ್ನು ನೋಡಲು ಗಂಡಿನ ಕಡೆಯವರು ಬರುವ ದಿನ. ನಾನು ಬಂದಾಗ ಧನ್ಯ ಒಳಕೋಣೆಯ ಮೂಲೆಯಲ್ಲಿದ್ದಳು. ಬಲಗೈಯ ಬೆರಳುಗಳಿಗೆ ಬಿಳಿ ಬಟ್ಟೆ ಸುತ್ತಿ, ಮೇಲೆ ದಾರ ಕಟ್ಟಿತ್ತು. ಗಾಯವೇನೋ ಅಂದುಕೊಂಡೆ.

"ಅತ್ತೆ ಹೇಳಿದ್ರು," ಅಂದೆ ನೀನು. "ಬಂದೋರು ಕೇಳಿದ್ರೆ ಸುಟ್ಕಂಡವಳೆ ಅಂದ್ರಾಯ್ತು. ಅವರು ಹೋದ ಮ್ಯಾಲೆ ಬಿಚ್ತೀನಿ."

"ಡಾಕ್ಟರಮ್ಮ ಬೇಡ ಅಂದಿದ್ರಲ್ಲಮ್ಮ."

"ನನ್ನಿಂದಲೇ ಹಿಂಗಾಗಿರುವಾಗ ನಾನು ಏನಂತ ಬಾಯಿ ಬಿಡ್ಲಿ ಅಪ್ಪ?"

ಆಗಲೇ ನಾನು ಬಾಯಿ ತೆಗೆದದ್ದು. ಆಗಲೇ ನೀರು ಕೇಳಿದ್ದು.

ಮಗು ಬಟ್ಟೆಯೊಳಗೇ ಬೆರಳು ಆಡಿಸಲು ನೋಡುತ್ತಿತ್ತು. ಅಳುತ್ತಿರಲಿಲ್ಲ. ನಾನು ಎದ್ದು ಬಂದೆ. ಬಸ್ಸು ತಳಕು ಊರನ್ನು ದಾಟುವ ತನಕ ಕಿಟಕಿಯಾಚೆ ಏನು ಕಂಡೆನೋ ಗೊತ್ತಿಲ್ಲ.

ನಿನ್ನಿಂದ ಏನೂ ಆಗಿಲ್ಲ ಸವಿತಾ. ಮೊಬೈಲಿನಿಂದಲ್ಲ, ಬಸ್ಸಿನಿಂದಲ್ಲ, ಹಣ್ಣಿನಿಂದಲ್ಲ. ನನ್ನ ಬೆನ್ನಿಗೆ ಹುಟ್ಟಿದವಳು ಹಾಗಿದ್ದಳು, ನನ್ನ ಮೊಮ್ಮಗಳು ಹಾಗಿದ್ದಾಳೆ. ಇದರಲ್ಲಿ ತಪ್ಪು ಅನ್ನುವುದೇನೂ ಇಲ್ಲ ಎಂದು ಡಾಕ್ಟರಮ್ಮ ಹೇಳಿದರು. ನನ್ನ ಕಡೆಯ ತಪ್ಪು ಯಾವುದೆಂದು ಮೇಲೆ ಬರೆದಿದ್ದೇನೆ. ಈ ನಿಜ ನಿನಗೆ ಸುಖ ಕೊಡುತ್ತದೆ ಎಂದು ಹೇಳಲಾರೆ. ನಿಮ್ಮತ್ತೆ, "ನಾ ಹೇಳಲಿಲ್ವಾ, ನಿಮ್ಮ ಕಡೇದೇ" ಅನ್ನಬಹುದು. ಮದುವೆಗೆ ಮುಂಚೆ ಮುಚ್ಚಿಟ್ಟಿರಿ ಅನ್ನಬಹುದು, ಅದು ನಿಜವೂ ಹೌದು. ಆ ಮಾತು ನಿನ್ನ ತನಕ ಬರುವ ಮುಂಚೆ ನನಗೆ ತಾಗಲಿ ಎಂದು ಬುಧವಾರ ಬೆಳಗಿನ ಬಸ್ಸಿಗೆ ಬರುತ್ತಿದ್ದೇನೆ. ನಿಮ್ಮತ್ತೆಯ ಎದುರು, ಅವರ ಪಡಸಾಲೆಯಲ್ಲಿ ನಿಂತು, ನಾನೇ ಹೇಳುತ್ತೇನೆ. ಅಲ್ಲಿಂದ ಡಾಕ್ಟರಮ್ಮನ ಹತ್ತಿರ ಹೋಗುತ್ತೇನೆ, ನೀನು ಜೊತೆಗೆ ಬಂದರೂ ಸರಿ, ಬರದಿದ್ದರೂ ಸರಿ. ಆಮೇಲೆ ನಿನ್ನ ಹೊಸಿಲು ದಾಟಬೇಕೋ ಬೇಡವೋ, ನೀನು ಹೇಳಿದಂತೆ.

ಕ್ಷಮಿಸು ಎಂದು ಬರೆಯುತ್ತಿಲ್ಲ. ಅದನ್ನು ಮೊದಲು ಕೇಳಬೇಕಾದವಳ ಹತ್ತಿರ ಕೇಳಲು ಆರು ವರ್ಷ ಬಸ್ಸಿತ್ತು.

ಅಳಿಯಂದಿರು ನಾಳೆ ತಮ್ಮ ಗಾಡಿಯಲ್ಲಿ ಸಾಮಾನು ಹಾಕಿಕೊಂಡು ಮೊಳಕಾಲ್ಮೂರಿಗೆ ಬರುತ್ತಾರಲ್ಲ, ಈ ನೋಟ್‌ಬುಕ್ಕನ್ನು ಅವರ ಕೈಯಲ್ಲೇ ಕಳಿಸುತ್ತೇನೆ. ಅವರೂ ಓದಲಿ. ನಾನು ಬರುವುದು ಬುಧವಾರ. ಮಗುವಿನ ಕೈಗೆ ಇನ್ನೂ ಆ ಬಟ್ಟೆ ಇದ್ದರೆ ಅಲ್ಲಿಯತನಕ ಕಾಯಬೇಡ. ಓದುವುದನ್ನು ಇಲ್ಲಿಗೆ ನಿಲ್ಲಿಸಿ, ಹೋಗಿ ಬಿಚ್ಚು.